ಫುಕೆಟ್‌ನಲ್ಲಿ ಮನೆ ಕೊಳ್ಳಲು ಹೊರಟವರು ಹಕ್ಕುಪತ್ರದ ಹಿಂಬದಿಯನ್ನು ಮೊದಲು ನೋಡಿ

ಥಾಯ್ಲೆಂಡಿನ ಫುಕೆಟ್ ದ್ವೀಪದ ಕಡಲ ತೀರದಲ್ಲಿ ನಿವೃತ್ತ ಜೀವನ ಕಳೆಯುವ ಬಗ್ಗೆ ಮುಂದಿನ ತಿಂಗಳು ಕುಶಾಲನಗರದ ಹೋಟೆಲೊಂದರಲ್ಲಿ ಸಭೆ ಇದೆ ಎಂಬ ಆಹ್ವಾನ ನನ್ನ ಇಬ್ಬರು ಸ್ನೇಹಿತರಿಗೆ ಬಂದಿದೆ. ಇದೇ ಜನ 2023ರ ನವೆಂಬರಿನಲ್ಲಿ ಮಡಿಕೇರಿಯಲ್ಲಿ ನಡೆಸಿದ ಸಭೆಗೆ ನಾನೂ ನನ್ನ ಪತ್ನಿಯೂ ಹೋಗಿದ್ದೆವು. ಅಲ್ಲಿ ಶುರುವಾದ ವ್ಯವಹಾರದಲ್ಲಿ 50 ಲಕ್ಷ ರೂಪಾಯಿ ಕೈಬಿಟ್ಟುಹೋಗಿದೆ. ನಾಚಿಕೆಯಿಂದ ಇದುವರೆಗೆ ಮಕ್ಕಳ ಹೊರತು ಯಾರಲ್ಲೂ ಬಾಯಿಬಿಟ್ಟಿರಲಿಲ್ಲ. ಆದರೆ ಆ ಆಹ್ವಾನವನ್ನು ಕಂಡ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ನಾನು ಬ್ಯಾಂಕಿನಲ್ಲಿ ದುಡಿದವನು, ಅದರಲ್ಲೂ ಬಹುಪಾಲು ವರ್ಷ ಸಾಲ ವಿಭಾಗದಲ್ಲಿ. ವಿರಾಜಪೇಟೆ, ಗೋಣಿಕೊಪ್ಪಲಿನ ಎಷ್ಟೋ ಬೆಳೆಗಾರರನ್ನು ಆರ್‌ಟಿಸಿ ಸರಿಯಿಲ್ಲ, ಜಾಗದ ಮೇಲಿನ ಮಾರಾಟ, ಅಡಮಾನ ತೋರಿಸುವ ಇ.ಸಿ. (ಋಣಭಾರ ಪತ್ರ) ಹಳೆಯದು, ಜಮ್ಮಾ ಬಾಣೆಯಲ್ಲಿ (ಕೊಡಗಿನ ವಂಶಪಾರಂಪರ್ಯ ಭೂಮಿಯಲ್ಲಿ) ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ ಹೆಸರೇ ಇನ್ನೂ ಕುಳಿತಿದೆ, ವಕೀಲರ ಅಭಿಪ್ರಾಯ ತನ್ನಿ ಎಂದು ಹೇಳಿ ಮೂರು ಮೂರು ಸಲ ವಾಪಸ್ ಕಳುಹಿಸಿದ್ದೇನೆ. ಊರಿನಲ್ಲಿ ಹತ್ತು ಸೆಂಟ್ ಜಾಗ ಕೊಳ್ಳುವಾಗಲೂ ಸರ್ವೆ ಸ್ಕೆಚ್ ಇಲ್ಲದೆ ಮುಂಗಡ ಕೊಟ್ಟವನಲ್ಲ. ಅಂಥ ನಾನು, ಯಾವ ಕಚೇರಿಯ ಯಾವ ಕಾಗದದಲ್ಲಿ ನಮ್ಮ ಹೆಸರು ಬರುತ್ತದೆ ಎಂಬ ಒಂದೇ ಒಂದು ಪ್ರಶ್ನೆಯನ್ನು ಕೇಳದೆ ಹಣ ಕಳುಹಿಸಿಬಿಟ್ಟೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ನನ್ನ ಪತ್ನಿಗೆ ಸಂಧಿವಾತ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿನ ಮಳೆ, ಥಂಡಿ, ಒಣಗದ ಬಟ್ಟೆಗಳ ನಡುವೆ ಅವಳು ಪಡುವ ಕಷ್ಟವನ್ನು ನೋಡಲಾಗದೆ ಬೆಚ್ಚಗಿನ ಕಡಲೂರೊಂದನ್ನು ಹುಡುಕುತ್ತಿದ್ದೆವು. ತೋಟಕ್ಕೆ ಆನೆ ಬರುವುದು ಹೆಚ್ಚಿತ್ತು, ಮಕ್ಕಳಿಗೆ ತೋಟ ಬೇಕಿರಲಿಲ್ಲ, ಎರಡು ಎಕರೆ ಮಾರಿದ ಹಣ ಬ್ಯಾಂಕಿನಲ್ಲಿತ್ತು. ಸಭೆಯಲ್ಲಿ ಮಾತನಾಡಿದ ಯುವಕ ನಮ್ಮ ಕಡೆಯವನೇ, ತಂದೆಯನ್ನು ನಾನು ಬಲ್ಲೆ. ಆ ಪರಿಚಯವೇ ನನ್ನ ಕಣ್ಣು ಕಟ್ಟಿತು. “ಅಂಕಲ್, ಈ ತಿಂಗಳು 10ನೇ ತಾರೀಖಿನಿಂದ ನಮ್ಮವರಿಗೆ ಥಾಯ್ಲೆಂಡಿಗೆ ವೀಸಾ ಕೂಡ ಬೇಡ, ಅವರೇ ಕರೀತಿದ್ದಾರೆ” ಎಂದ. ವೀಸಾ ಬೇಡವಾಗಿದ್ದು ನಿಜವೇ, ಆದರೆ ಆಗ ಅದು 30 ದಿನಗಳ ಪ್ರವಾಸಕ್ಕೆ ಮಾತ್ರ ಇತ್ತು. ಮನೆ ಕೊಂಡರೆ ಜೀವನಪೂರ್ತಿ ವೀಸಾ ಬರುತ್ತದೆ ಎಂದು ಅವನು ಹೇಳಿದ್ದು ಶುದ್ಧ ಸುಳ್ಳು. ಅಲ್ಲಿ ನಿವೃತ್ತರ ವೀಸಾಗೆ 50 ವರ್ಷ ತುಂಬಿರಬೇಕು, ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು, ವರ್ಷ ವರ್ಷ ನವೀಕರಿಸಬೇಕು, 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಮನೆಗೂ ವೀಸಾಕ್ಕೂ ಸಂಬಂಧವೇ ಇಲ್ಲ.

ಡಿಸೆಂಬರಿನಲ್ಲಿ ಹೋಗಿ ನೋಡಿದೆವು. ನಮಗೆ ತೋರಿಸಿದ್ದು ಮುಗಿದ ಮಾದರಿ ಮನೆ, ನಮ್ಮದೆಂದು ಹೇಳಿದ್ದು ಪಕ್ಕದ ತಳಪಾಯ. ಒಳ್ಳೆಯ ಬಿಸಿಲು, ನೀಲಿ ಸಮುದ್ರ. ಫುಕೆಟ್‌ನಲ್ಲೂ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ನೈಋತ್ಯ ಮುಂಗಾರು ಸುರಿಯುತ್ತದೆ ಎಂಬುದನ್ನು ಯಾರೂ ಹೇಳಲಿಲ್ಲ, ಮಳೆಯಿಂದ ತಪ್ಪಿಸಿಕೊಳ್ಳಲು ಹೊರಟ ನಾವೂ ಕೇಳಲಿಲ್ಲ. ಬೆಲೆ 42 ಲಕ್ಷ ಬಾತ್. ಜಾಗದ ಹಕ್ಕುಪತ್ರವೆಂದು ಒಂದು ಬಣ್ಣದ ಪ್ರತಿಯನ್ನು ಕೈಗೆ ಕೊಟ್ಟರು. ಅದನ್ನು ಅಲ್ಲಿ ಚನೋಟ್ ಎನ್ನುತ್ತಾರೆ. ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಕೆಂಪು ಗರುಡ, ಕೆಳಗೆ ಜಾಗದ ನಕ್ಷೆ. ಕೆಂಪು ಗರುಡನಿದ್ದರೆ ಅದು ಅತ್ಯುತ್ತಮ ದರ್ಜೆಯ ಪತ್ರ ಎಂದರು, ಅದು ನಿಜ. ಗರುಡನನ್ನು ಕಂಡು ನನ್ನ ಪತ್ನಿ ಕೈಮುಗಿದಳು. ಕೊಟ್ಟದ್ದು ಮುಂಬದಿಯ ಪ್ರತಿ ಮಾತ್ರ. ಮುಂಬದಿ ಮಾತ್ರ!

ವಿದೇಶಿಯರು ಅಲ್ಲಿ ಭೂಮಿಯ ಒಡೆಯರಾಗುವಂತಿಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಆದರೆ “30, ಮತ್ತೆ 30, ಮತ್ತೆ 30, ಒಟ್ಟು 90 ವರ್ಷದ ಗುತ್ತಿಗೆ, ಸ್ವಂತದ್ದೇ ಅಂದುಕೊಳ್ಳಿ” ಎಂದರು. ಕಾಂಡೋ ಕಟ್ಟಡವಾದರೆ ಒಟ್ಟು ವಿಸ್ತೀರ್ಣದ 49 ಶೇಕಡದವರೆಗೆ ವಿದೇಶಿಯರ ಹೆಸರಿನಲ್ಲೇ ಫ್ಲಾಟ್ ಬರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಅದನ್ನು ಕೇಳಿದಾಗ “ಅದು ಗೂಡು ಅಂಕಲ್, ತೋಟದಲ್ಲಿ ಬೆಳೆದವರಿಗೆ ಹಿಡಿಸಲ್ಲ” ಎಂದು ಮಾತು ತೇಲಿಸಿದ. 2024ರ ಜನವರಿಯಲ್ಲಿ ನಾವಿಬ್ಬರೂ ತಲಾ 25 ಲಕ್ಷ ರೂಪಾಯಿ ಕಳುಹಿಸಿದೆವು. ಆಗಿನ ನಿಯಮದಂತೆ 7 ಲಕ್ಷ ಮೀರಿದ ಮೊತ್ತಕ್ಕೆ 20 ಶೇಕಡ ಟಿಸಿಎಸ್ (ಹಣ ಕಳುಹಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ) ಎಂದು ಒಬ್ಬೊಬ್ಬರಿಂದಲೂ ಬ್ಯಾಂಕು 3 ಲಕ್ಷ 60 ಸಾವಿರ ಮುರಿದುಕೊಂಡಿತು. ರಿಟರ್ನ್ ಸಲ್ಲಿಸಿ ಅದನ್ನು ಮರಳಿ ಪಡೆದೆವು. ಮರಳಿ ಬಂದ ಹಣ ಅದೊಂದೇ. ಗುತ್ತಿಗೆಯ ನೋಂದಣಿ ಯಾವಾಗ ಎಂದಾಗ “ಮನೆ ಮುಗಿದ ಮೇಲೆ ಮಾಡೋಣ, ಈಗ್ಯಾಕೆ 1.1 ಶೇಕಡ ಖರ್ಚು” ಎಂಬ ಉತ್ತರ. ನನ್ನ ಹಣ ಉಳಿಸುತ್ತಿದ್ದಾನೆ ಎಂದೇ ನಂಬಿದೆ.

ಮೇ ತಿಂಗಳಿನ ನಂತರ ಫೋಟೋ ಬರುವುದು ನಿಂತಿತು. ಕೇಳಿದಾಗಲೆಲ್ಲ “ಪ್ರೊಸೆಸ್‌ನಲ್ಲಿದೆ ಅಂಕಲ್”. ನೋಂದಣಿಯ ಮಾತೆತ್ತಿದರೆ “ನೀವು ಊರಿನ ಆರ್‌ಟಿಸಿ ಲೆಕ್ಕದಲ್ಲಿ ಯೋಚಿಸ್ತಿದ್ದೀರಿ, ಇದು ಇಂಟರ್‌ನ್ಯಾಷನಲ್”. ಇನ್ನೊಮ್ಮೆ “ನಂಬಿಕೆ ಇಲ್ಲದಿದ್ರೆ ವ್ಯವಹಾರ ಹೇಗೆ ಅಂಕಲ್”. ಪ್ರತಿ ಮಾತಿಗೂ ಅಂಕಲ್, ಅಂಕಲ್. ಈಗ ಆ ಪದ ಕಿವಿಗೆ ಬಿದ್ದರೆ ಮೈ ಉರಿಯುತ್ತದೆ.

ನವೆಂಬರಿನಲ್ಲಿ ನಾವೇ ಹೋಗಿ ಒಬ್ಬ ವಕೀಲೆಯನ್ನು ಹಿಡಿದು ಅಲ್ಲಿನ ಭೂ ಕಚೇರಿಗೆ ಹೋದೆವು. ಅವರು ಚನೋಟಿನ ದೃಢೀಕೃತ ಪ್ರತಿ ತೆಗೆಸಿ, ಕೆಂಪು ಗರುಡನ ಮೇಲೆ ಕಣ್ಣೂ ಹಾಯಿಸದೆ ಹಾಳೆಯನ್ನು ನೇರವಾಗಿ ತಿರುಗಿಸಿದರು. ಮಾರಾಟ, ಅಡಮಾನ, ಗುತ್ತಿಗೆ, ಏನೇ ಆಗಿದ್ದರೂ ದಾಖಲಾಗುವುದು ಹಿಂಬದಿಯಲ್ಲಿ. ಗೆರೆ ಎಳೆದ ಚೌಕಗಳಲ್ಲಿ ಥಾಯ್ ಅಕ್ಷರದ ಸಾಲುಗಳು. ಅವರ ಬೆರಳು ಕೊನೆಯ ಸಾಲಿನ ಮೇಲೆ ನಿಂತಿತು. “ನಮ್ಮ ಹೆಸರು ಎಲ್ಲಿದೆ ಅಂತ ಕೇಳ್ರೀ” ಎಂದಳು ಪತ್ನಿ. ಆ ಸಾಲು ಬ್ಯಾಂಕಿಗೆ ಮಾಡಿದ ಅಡಮಾನದ್ದಾಗಿತ್ತು. ಇಸವಿ ಅವರ ಬೌದ್ಧ ಲೆಕ್ಕದಲ್ಲಿ 2566, ಅಂದರೆ 2023, ನಾವು ಕರಾರಿಗೆ ಸಹಿ ಹಾಕುವುದಕ್ಕೂ ಮೊದಲು. ಅದರ ಕೆಳಗೆ ಬಿಳಿ ಹಾಳೆ. ಇಲ್ಲಿ ನಾನು ಇ.ಸಿ.ಯಲ್ಲಿ ದಿನವೂ ನೋಡುತ್ತಿದ್ದುದು ಅಲ್ಲಿ ಆ ಹಾಳೆಯ ಹಿಂದೆಯೇ ಇತ್ತು. ತಿರುಗಿಸಬೇಕಿತ್ತು, ಅಷ್ಟೇ. ತಿರುಗಿಸಲಿಲ್ಲ.

ವಕೀಲೆ ಹೇಳಿದ್ದು ಇಷ್ಟು: ಅಲ್ಲಿನ ಸಿವಿಲ್ ಸಂಹಿತೆಯ 540ನೇ ಕಲಮಿನಂತೆ ಗುತ್ತಿಗೆ 30 ವರ್ಷ ಮೀರುವಂತಿಲ್ಲ. ಮುಂದಿನ 30, ಮತ್ತೆ 30 ಎಂಬುದು ಬರೀ ಮಾತು ಕೊಟ್ಟ ಹಾಗೆ, ಜಾಗ ಕೈಬದಲಾದರೆ ಹೊಸ ಒಡೆಯನನ್ನು ಅದು ಕಟ್ಟಿಹಾಕದು. 538ನೇ ಕಲಮಿನಂತೆ ನೋಂದಣಿಯಾಗದ ಗುತ್ತಿಗೆ ನಿಲ್ಲುವುದು 3 ವರ್ಷಕ್ಕೆ ಮಾತ್ರ. ನಾವು 90 ಎಂದುಕೊಂಡದ್ದು 3 ಆಗಿತ್ತು.

ಹೋಟೆಲಿಗೆ ಬಂದು ಅವನಿಗೆ ಕರೆ ಮಾಡಿದೆ. ಗಾಬರಿಯಾಗುತ್ತಾನೆ, ಕ್ಷಮೆ ಕೇಳುತ್ತಾನೆ ಎಂದುಕೊಂಡಿದ್ದೆ. “ಡೆವಲಪರ್‌ಗಳು ಲೋನ್ ತಗೊಳ್ಳೋದು ಕಾಮನ್, ನೀವೇ ಬ್ಯಾಂಕಿನವರು, ಗೊತ್ತಿರಬೇಕಲ್ವಾ” ಎಂದ. ನಾನು ಮಾತು ಹೊರಡದೆ ಕುಳಿತೆ. ಮರುದಿನ ಬೇರೆ ಉಪಾಯ ಹೇಳಿ ಕಳುಹಿಸಿದ: ಕಂಪನಿ ತೆರೆಯೋಣ, 51 ಶೇಕಡ ಷೇರು ನಮ್ಮ ಆಫೀಸಿನ ಥಾಯ್ ಹುಡುಗರ ಹೆಸರಿನಲ್ಲಿಡೋಣ, ಭೂಮಿಯೇ ನಿಮ್ಮದಾಗುತ್ತದೆ, ಇನ್ನು 6 ಲಕ್ಷ ಬಾತ್ ಸಾಕು. ಹೀಗೆ ಬೇನಾಮಿ ಷೇರುದಾರರನ್ನು ಇಡುವುದು ಅಲ್ಲಿ ಜೈಲಿಗೆ ದಾರಿಯಾಗುವ ಅಪರಾಧ ಎಂದು ವಕೀಲೆ ತಡೆಯದಿದ್ದರೆ ಏನಾಗುತ್ತಿತ್ತೋ. ಹಣ ವಾಪಸ್ ಕೇಳಿದ್ದಕ್ಕೆ ಬಂದ ಕೊನೆಯ ಉತ್ತರ: “ಕರಾರಿನಲ್ಲಿ ನಾನ್ ರಿಫಂಡಬಲ್ ಅಂತ ಇದೆ, ಓದಿ ಸಹಿ ಹಾಕಿದ್ದೀರಿ.” ಆ ದಿನ ಅಂಕಲ್ ಎಂದು ಕರೆಯಲಿಲ್ಲ.

ಅಲ್ಲಿ ನೋಟಿಸ್ ಕೊಡಿಸಿದ್ದೇವೆ, ಇಲ್ಲಿ ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಹಣ ಬರುವ ಭರವಸೆ ನನಗಿಲ್ಲ. ಈ ಮಳೆಗಾಲವನ್ನೂ ಪತ್ನಿ ಇಲ್ಲೇ, ಒಲೆಯ ಪಕ್ಕದಲ್ಲಿ ಮಂಡಿಗೆ ಶಾಖ ಕೊಟ್ಟುಕೊಂಡು ಕಳೆದಳು.

ಹೋಗಲೇಬೇಕು ಎನ್ನುವವರು ಮಾರುವವರು ತೋರಿಸಿದ ವಕೀಲರನ್ನು ಬಿಟ್ಟು ನೀವೇ ಹುಡುಕಿದ ವಕೀಲರನ್ನು ಇಟ್ಟುಕೊಳ್ಳಿ. ಭೂ ಕಚೇರಿಯಲ್ಲಿ ನಿಮ್ಮ ಹೆಸರು ಏರುವ ದಿನವೇ ಹಣ ಕೊಡಿ, ಒಂದು ದಿನ ಮೊದಲೂ ಬೇಡ. ಊರಿನ ಹುಡುಗ, ತಂದೆಯ ಪರಿಚಯ ಎಂಬುದನ್ನು ಬಾಗಿಲ ಹೊರಗೆ ಬಿಡಿ. ಕುಶಾಲನಗರದ ಸಭೆಯಲ್ಲಿ ಕೆಂಪು ಗರುಡನ ಪ್ರತಿಯನ್ನು ನಿಮ್ಮ ಕೈಗೂ ಕೊಡುತ್ತಾರೆ. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ಹಿಂಬದಿ ಎಲ್ಲಿ ಎಂದು ಕೇಳಿ. ನಾನೂ ನನ್ನ ಫೈಲು ಹಿಡಿದುಕೊಂಡು ಅಲ್ಲಿಗೆ ಬರುತ್ತೇನೆ.