ಮಾವನ ಧರಣಿ ವಿಡಿಯೋಗಳನ್ನು ಎಲ್ಲಿ ಮಡಗೋದು? ಮೂರು ದಾರಿ ಹಿಡಿದು ನೋಡಿದ್ದು

ನಮ್ಮ ಮಾವನ ಫೋನ್ ತುಂಬಿಹೋದದ್ದು 2023ರ ಸೆಪ್ಟೆಂಬರ್‌ನಲ್ಲಿ. ಆ ತಿಂಗಳು ಮಂಡ್ಯದಲ್ಲಿ ಇದ್ದವರಿಗೆ ಕಾರಣ ಹೇಳಬೇಕಾಗಿಲ್ಲ. ತಮಿಳುನಾಡಿಗೆ ನೀರು ಬಿಟ್ಟಿದ್ದಕ್ಕೆ ವಿಶ್ವೇಶ್ವರಯ್ಯ ಪ್ರತಿಮೆ ಎದುರು ಧರಣಿ. 23ಕ್ಕೆ ಮಂಡ್ಯ ಬಂದ್, 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಮಾವ ಹೆಗಲಿಗೆ ಹಸಿರು ಟವೆಲ್ ಹಾಕಿಕೊಂಡು ಬೆಳಿಗ್ಗೆ ಹೋದರೆ, ಸಂಜೆಗೆ ಮೂವತ್ತು ನಲವತ್ತು ವಿಡಿಯೋ ಹೊತ್ತು ತರುತ್ತಿದ್ದರು. ಅದರಲ್ಲಿ ಅರ್ಧಕ್ಕರ್ಧ ಅವರ ಹೆಬ್ಬೆರಳೇ ಕಾಣುತ್ತಿತ್ತು.

"ಏನವ್ವಾ, ಫೋನ್ ತುಂಬೋಗದೆ ಅಂತ ಬತ್ತಾ ಅದೆ. ಒಂದೂ ಅಳಿಸ್ಬೇಡ ಕಣವ್ವ, ಎಲ್ಲಾದ್ರೂ ಮಡಗು" ಅಂದರು.

ಹೆಬ್ಬೆರಳಿನ ವಿಡಿಯೋನಾದ್ರೂ ಅಳಿಸೋಣ ಮಾವ ಅಂದೆ. ಒಪ್ಪಲಿಲ್ಲ. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಯಿತಲ್ಲ, ಅದಕ್ಕೆ ಅವರ ತಾತ ಹೋಗಿದ್ದರಂತೆ. ಮನೆಯಲ್ಲಿ ಅದರದು ಒಂದು ಫೋಟೋನೂ ಇಲ್ಲ. ಆ ಕೊರಗು ಇವತ್ತಿಗೂ ಹೋಗಿಲ್ಲ.

ಹೀಗೆ ಶುರುವಾಯಿತು ನನ್ನ ಪಾಡು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು, ಕಂಪ್ಯೂಟರ್ ಓದಿದವಳಲ್ಲ. ಬೆಂಗಳೂರಿನಲ್ಲಿರುವ ಮೈದುನ ಓದಿದ್ದಾನೆ. ಅವನು ಫೋನಿನಲ್ಲಿ ಹೇಳುತ್ತಾ ಹೋದ, ನಾನು ಮಾಡುತ್ತಾ ಹೋದೆ. ಎರಡು ವರ್ಷದಲ್ಲಿ ಮೂರು ದಾರಿ ನೋಡಿದ್ದಾಯಿತು.

ಮೊದಲು ಗೂಗಲ್ ಫೋಟೋಸ್. ಎಲ್ಲರೂ ಮಾಡೋದು ಇದನ್ನೇ ಅಲ್ವಾ. 2021ರ ಜೂನ್ 1ರವರೆಗೆ ಎಷ್ಟು ಬೇಕಾದರೂ ಫೋಟೋ ಬಿಟ್ಟಿ ಇಡಬಹುದಿತ್ತು. ಆಮೇಲೆ ಮೇಲ್, ಡ್ರೈವ್, ಫೋಟೋ ಎಲ್ಲಾ ಸೇರಿ 15 ಜಿಬಿ ಮಾತ್ರ. ನಾನು ವರ್ಷಕ್ಕೆ 1,300 ರೂಪಾಯಿ ಕಟ್ಟಿ 100 ಜಿಬಿ ತಗೊಂಡೆ. ಹತ್ತು ನಿಮಿಷದ ಕೆಲಸ. ಮಾವನ ಫೋನು, ನನ್ನದು, ಯಜಮಾನರದು, ಮೂರೂ ಒಂದೇ ಪ್ಲಾನಿಗೆ ಸೇರಿದವು. ಟ್ರ್ಯಾಕ್ಟರ್ ಅಂತ ಹುಡುಕಿದರೆ ಟ್ರ್ಯಾಕ್ಟರ್ ರ‍್ಯಾಲಿ ಸಾಲಾಗಿ ಬಂದು ನಿಲ್ಲುತ್ತೆ. ಕರೆಂಟ್ ಹೋದರೂ ನಮಗೆ ಚಿಂತೆ ಇಲ್ಲ. ಸುಳ್ಳು ಯಾಕೆ ಹೇಳಲಿ, ಮೂರರಲ್ಲಿ ನನಗೆ ನಿದ್ದೆ ಕೊಟ್ಟಿದ್ದು ಇದೊಂದೇ.

ತೊಂದರೆ ಅಂದರೆ ಅಳತೆ. ಮಾವನ ಫೋನಿನಲ್ಲಿ ಒಂದು ನಿಮಿಷದ ವಿಡಿಯೋ ಸುಮಾರು 130 ಎಂಬಿ. ಲೆಕ್ಕ ಹಾಕಿ, 100 ಜಿಬಿಗೆ ಹದಿಮೂರು ಗಂಟೆ ಬರುವುದೂ ಕಷ್ಟ. ಭಾಷಣ ಶುರುವಾದರೆ ನಮ್ಮೂರಲ್ಲಿ ಬೇಗ ಮುಗಿಯುತ್ತಾ? ಕನ್ನಂಬಾಡಿ ಕಟ್ಟೆ ನೀರಿನ ಮಟ್ಟ ನೋಡುವ ಹಾಗೆ ಮಾವ ದಿನಾ ಸಂಜೆ ಕೇಳೋರು, "ಇವತ್ತೆಷ್ಟ್ ಅಡಿ ಅದವ್ವ?" ಕಟ್ಟೆ 124.80 ಅಡಿಗೆ ತುಂಬಿದರೆ ಬಾಗಿನ ಕೊಡುತ್ತಾರೆ, ಇದು ತುಂಬಿದರೆ ಇನ್ನೂ ದೊಡ್ಡ ಪ್ಲಾನಿಗೆ ದುಡ್ಡು ಕೊಡಬೇಕು. ಐದೇ ತಿಂಗಳಿಗೆ ತುಂಬಿತು.

ಇನ್ನೊಂದು ತಕರಾರು ಮಾವನದು. "ಅಷ್ಟ್ ಜನದ್ ಮುಖನ ಇನ್ನೊಬ್ರ ಮನೇಲಿ ಯಾಕ್ ಮಡಗ್ಬೇಕು?" ಅಂತ. ನಾನು ನಕ್ಕೆ. ಟಿವಿಯವರು ಬೆಳಿಗ್ಗೆಯಿಂದ ಸಂಜೆವರೆಗೆ ತೋರಿಸಿದ್ದಾರಲ್ಲ ಮಾವ, ಪೇಪರ್‌ನಲ್ಲೂ ಬಂತಲ್ಲ ಅಂದೆ. "ಟಿವಿಯೋರು ತೆಗ್ದಿದ್ದು ಟಿವಿಯೋರ್ ಪಾಡು. ನನ್ನ ನಂಬ್ಕಂಡು ಮುಂದ್ ನಿಂತವ್ರದು ನನ್ ಜವಾಬ್ದಾರಿ ಕಣವ್ವ" ಅಂದರು. ರಸ್ತೆ ತಡೆಯಲ್ಲಿ ಮಲಗಿದ್ದ ಹುಡುಗರು, ಕೇಸು ಬೀಳಬಹುದಾಗಿದ್ದವರು, ಎಲ್ಲಾ ಆ ವಿಡಿಯೋದಲ್ಲಿ ಇದ್ದಾರೆ. ಆ ಮಾತಿಗೆ ನನ್ನ ಹತ್ತಿರ ಎದುರುತ್ತರ ಇರಲಿಲ್ಲ. ಇವತ್ತೂ ಇಲ್ಲ.

ಮೈದುನ ಕಾಯುತ್ತಾ ಕೂತಿದ್ದ. "ಅತ್ತಿಗೆ, ವರ್ಷ ವರ್ಷ ಬಾಡಿಗೆ ಕಟ್ಟೋದು ಗುಲಾಮಗಿರಿ. ಮನೇಲೇ ಸರ್ವರ್ ಇಟ್ಕೊಳ್ಳಿ" ಅಂದ. ಸರ್ವರ್ ಅಂದರೆ ನಮ್ಮ ಫೋಟೋ ವಿಡಿಯೋ ಇಟ್ಟುಕೊಂಡು ಹಗಲು ರಾತ್ರಿ ಓಡುತ್ತಾ ಇರುವ ಕಂಪ್ಯೂಟರ್. ಅವನಿರೋದು ಬಾಡಿಗೆ ಮನೇಲಿ, ಅದು ಬೇರೆ ಮಾತು. ತನ್ನ ಹಳೇ ರಾಸ್ಪ್‌ಬೆರಿ ಪೈ 4 ತಂದುಕೊಟ್ಟ. 2019ರಲ್ಲಿ ಬಂದ ಮಾದರಿ, ಇಸ್ಪೀಟು ಪ್ಯಾಕಿನಷ್ಟು ದಪ್ಪದ ಪುಟಾಣಿ ಕಂಪ್ಯೂಟರ್. ಅದರೊಳಗೆ ಒಂದು ಮೆಮೊರಿ ಕಾರ್ಡ್, ಹೊರಗೆ ಯುಎಸ್‌ಬಿಗೆ ಒಂದು ಹಾರ್ಡ್ ಡಿಸ್ಕ್, ಮೇಲೆ ನೆಕ್ಸ್ಟ್‌ಕ್ಲೌಡ್ ಅನ್ನೋ ತಂತ್ರಾಂಶ. ನೆಕ್ಸ್ಟ್‌ಕ್ಲೌಡ್ 2016ರಿಂದ ಇದೆ, ಬಿಟ್ಟಿ. ಫೋಟೋ ಒಂದೇ ಅಲ್ಲ, ಕಡತ, ಕ್ಯಾಲೆಂಡರ್, ಫೋನ್ ನಂಬರ್ ಎಲ್ಲಾ ಇಡಬಹುದು. ಅದೇ ಅದರ ತೊಂದರೆ ಅಂತಲೂ ಅನಿಸಿತು. ನನಗೆ ಬೇಕಿದ್ದು ಬೀರು, ಇವರು ಛತ್ರಾನೇ ಕೊಟ್ಟರು. ಪೈನಲ್ಲಿ ರ‍್ಯಾಮ್, ಅಂದರೆ ಕೆಲಸ ಮಾಡುವಾಗ ಬಳಸುವ ಮೆಮೊರಿ, ಬರೀ 2 ಜಿಬಿ ಇತ್ತು. ಫೋಟೋ ತೆರೆದರೆ ಬಿಳಿ ಚೌಕಗಳು ಬಂದು ಕೂರುತ್ತಿದ್ದವು, ಚಿತ್ರ ಮೂಡುವ ಹೊತ್ತಿಗೆ ಮಾವನಿಗೆ ಜೊಂಪು ಬಂದಿರುತ್ತಿತ್ತು.

ಕರೆಂಟ್ ಖರ್ಚು ಏನೂ ಅಲ್ಲ. ಐದು ವ್ಯಾಟ್ ಅಂದುಕೊಂಡರೂ ತಿಂಗಳಿಗೆ ಮೂರೂವರೆ ಯೂನಿಟ್ಟು. ಆದರೆ ಕರೆಂಟ್ ಇರಬೇಕಲ್ಲ! ಏಪ್ರಿಲ್‌ನಲ್ಲಿ ಒಂದು ಸಂಜೆ ಮಳೆಗಾಳಿ. ಒಲೆ ಮೇಲೆ ಸಾರು ಕುದಿಯುತ್ತಿತ್ತು. ಕರೆಂಟ್ ಹೋಯಿತು, ಬಂತು, ಹೋಯಿತು, ಬಂತು, ಮತ್ತೆ ಹೋಯಿತು. ಕೊನೇ ಸಲ ಬಂದಾಗ ಹೋಗಿ ನೋಡಿದೆ. ಪೈನಲ್ಲಿ ಕೆಂಪು ದೀಪ ಉರಿಯುತ್ತಾ ಇದೆ, ಪಕ್ಕದಲ್ಲಿ ಚಕಚಕ ಮಿಣುಕಬೇಕಾದ ಹಸಿರು ದೀಪ ಸುಮ್ನೆ ಇದೆ. ಸೌಟು ಕೈಯಲ್ಲೇ ಇತ್ತು. ಹಾಗೇ ಅದರ ಮುಂದೆ ನಿಂತುಬಿಟ್ಟೆ, ಅತ್ತ ಸಾರು ಉಕ್ಕಿತು. ಮೆಮೊರಿ ಕಾರ್ಡ್ ಕೆಟ್ಟಿತ್ತು. ಅದರ ಮೇಲೆ ಬರೆಯುತ್ತಾ ಇರುವಾಗ ಕರೆಂಟ್ ಹೋದರೆ ಹೀಗಾಗುತ್ತಂತೆ. ಕಾರ್ಡಿನ ಬದಲು ಎಸ್‌ಎಸ್‌ಡಿ ಅನ್ನೋ ಗಟ್ಟಿ ಡಿಸ್ಕ್ ಹಾಕಿ, ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಒಂದು ಸಣ್ಣ ಯುಪಿಎಸ್ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ತಪ್ಪು ನಮ್ಮದೇ. ವಿಡಿಯೋಗಳು ಹಾರ್ಡ್ ಡಿಸ್ಕಿನಲ್ಲಿ ಕ್ಷೇಮವಾಗಿದ್ದವು, ಆದರೆ ಉಳಿದದ್ದೆಲ್ಲಾ ಮೊದಲಿಂದ ಹಾಕಬೇಕಾಯಿತು.

1902ರಲ್ಲೇ ನಮ್ಮ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದವರು ನಾವು ಅಂತ ಮಾವ ಕತ್ತಲಲ್ಲಿ ಕೂತು ಹೇಳುತ್ತಿದ್ದರು. ನಾನು ಮೇಣದಬತ್ತಿ ಹುಡುಕುತ್ತಿದ್ದೆ.

ಮೂರನೆಯದು ಯಜಮಾನರ ಹಳೇ ಲ್ಯಾಪ್‌ಟಾಪ್. ಕೀಲು ಮುರಿದಿತ್ತು, ಮುಚ್ಚಳ ನಿಲ್ಲುತ್ತಿರಲಿಲ್ಲ, ಗುಜರಿಗೆ ಹಾಕಬೇಕು ಅಂತಿದ್ದೆವು. 8 ಜಿಬಿ ರ‍್ಯಾಮ್ ಇದೆ ಅಂತ ಗೊತ್ತಾಗಿದ್ದೇ ಮೈದುನ ಕುಣಿದಾಡಿದ. ಅದಕ್ಕೆ ಲಿನಕ್ಸ್ (ವಿಂಡೋಸ್ ಥರದ್ದೇ, ಬಿಟ್ಟಿ ಸಿಗೋದು) ಹಾಕಿ, ಇಮ್ಮಿಚ್ ಅನ್ನೋ ತಂತ್ರಾಂಶ ಕೂರಿಸಿದೆವು. ಇದು ಛತ್ರ ಅಲ್ಲ, ಬೀರುವೇ. ಫೋಟೋ ವಿಡಿಯೋಗೆ ಅಂತಲೇ ಮಾಡಿದ್ದು. ನೋಡೋಕೂ ಗೂಗಲ್ ಫೋಟೋಸ್ ತರಾನೇ ಇದೆ, ಹಾಗಾಗಿ ಮಾವನಿಗೆ ಮತ್ತೆ ಹೇಳಿಕೊಡಬೇಕಾಗಲಿಲ್ಲ. ಲ್ಯಾಪ್‌ಟಾಪ್ ಆದ್ದರಿಂದ ಬ್ಯಾಟರಿಯೇ ಯುಪಿಎಸ್. ಪೈಗೂ ಇದಕ್ಕೂ ಇರುವ ದೊಡ್ಡ ಫರಕು ಇದೇ ಅಂತ ನನ್ನ ಅಭಿಪ್ರಾಯ, ಮೈದುನ ಎಷ್ಟೇ ಪ್ರೊಸೆಸರ್ ಪುರಾಣ ಹೇಳಲಿ. ಆದರೆ ಯಾವಾಗಲೂ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಉಬ್ಬಬಹುದು. ಹಾಗಾಗಿ ಶೇ 60ಕ್ಕೆ ಚಾರ್ಜ್ ನಿಲ್ಲುವಂತೆ ಮಾಡಿದ್ದೇವೆ, ತಿಂಗಳಿಗೊಮ್ಮೆ ತಿರುಗಿಸಿ ಅಡಿ ಮುಟ್ಟಿ ನೋಡುತ್ತೇನೆ.

ಕರೆಂಟ್ ಜಾಸ್ತಿ ತಿನ್ನುತ್ತೆ. ಹದಿನೈದು ವ್ಯಾಟ್ ಹಿಡಿದರೆ ತಿಂಗಳಿಗೆ ಹನ್ನೊಂದು ಯೂನಿಟ್ಟು. ಗೃಹಜ್ಯೋತಿ ಇದೆಯಲ್ಲ ಅನ್ನಬಹುದು. ಆದರೆ ಅಲ್ಲಿ ಎಲ್ಲರಿಗೂ 200 ಯೂನಿಟ್ ಸಿಗಲ್ಲ, 2022-23ರ ನಮ್ಮ ಸರಾಸರಿಗೆ ಶೇ 10 ಸೇರಿಸಿ ಮಿತಿ ಕಟ್ಟಿದ್ದಾರೆ. ಆಗ ನಮ್ಮ ಮನೆಯಲ್ಲಿ ಸರ್ವರ್ ಇರಲಿಲ್ಲ. ಬೇಸಿಗೆಯಲ್ಲಿ ಫ್ಯಾನು ಓಡುವಾಗ ಈ ಹನ್ನೊಂದು ಯೂನಿಟ್ಟೇ ನಮ್ಮನ್ನು ಗೆರೆ ದಾಟಿಸುತ್ತೆ.

ಹದಿನೆಂಟು ಸಾವಿರ ಫೋಟೋ ವಿಡಿಯೋಗಳ ಮುಖ ಗುರುತಿಸಲು ಲ್ಯಾಪ್‌ಟಾಪ್ ಮೂರು ರಾತ್ರಿ ಹೊರಳಾಡಿತು. ಫ್ಯಾನಿನ ಸದ್ದು ಹಿಟ್ಟಿನ ಗಿರಣಿ ಥರ. ನಾಲ್ಕನೇ ದಿನ ತೆರೆದು ನೋಡಿದರೆ ಮುಖಗಳನ್ನು ಗುಂಪು ಮಾಡಿಟ್ಟಿತ್ತು. ಮಾವ ಒಂದು ಗುಂಪು, ಅತ್ತೆ ಒಂದು ಗುಂಪು. ಅತ್ತೆಗಿಂತ ದೊಡ್ಡದು ಇನ್ನೊಂದು ಗುಂಪು. ಯಾರಪ್ಪಾ ಇದು ಅಂತ ಒತ್ತಿದರೆ ಮೈಸೂರು ಪೇಟ ಸುತ್ತಿದ ಸರ್ ಎಂ.ವಿ. ಪ್ರತಿಮೆ! ಪೆಂಡಾಲ್ ಹಿಂದೆ, ಭಾಷಣದ ಹಿಂದೆ, ಹೆಬ್ಬೆರಳಿನ ಪಕ್ಕ, ಎಲ್ಲಾ ಕಡೆ ಅವರೇ. ಹೆಸರು ಕೊಡಿ ಅಂತ ಕೇಳುತ್ತಾ ಇತ್ತು. ಇದನ್ನ ತೆಗೆದುಹಾಕಲಾ ಮಾವ ಅಂದೆ. "ಯಾಕ್ ತೆಗೀತೀಯ? ಅವ್ರೂ ದಿನಾ ನಮ್ ಜೊತೇಲೇ ಇದ್ರಲ್ಲ" ಅಂದರು. ಹೆಸರು ಹಾಕಿದೆ.

ಗೂಗಲ್ ಕೂಡ ಮುಖ ಗುಂಪು ಮಾಡುತ್ತೆ, ನಿಜ ಹೇಳಬೇಕೆಂದರೆ ಇನ್ನೂ ಚೆನ್ನಾಗಿಯೇ ಮಾಡುತ್ತೆ. ಇಲ್ಲಿ ಆ ಪಟ್ಟಿ ನಮ್ಮ ಸಜ್ಜಾ ಮೇಲಿನ ಲ್ಯಾಪ್‌ಟಾಪ್ ಬಿಟ್ಟು ಆಚೆ ಹೋಗಲ್ಲ, ಅಷ್ಟೇ. ಮಾವನಿಗೆ ಬೇಕಿದ್ದುದೂ ಅಷ್ಟೇ.

ಹೊರಗಿದ್ದಾಗ ನೋಡಬೇಕಾದರೆ ಒಂದು ತೊಡಕಿದೆ. ನಮ್ಮ ಇಂಟರ್‌ನೆಟ್‌ನವನು ಎಷ್ಟೋ ಮನೆಗಳಿಗೆ ಒಂದೇ ವಿಳಾಸ ಹಂಚಿದ್ದಾನೆ. ವಠಾರಕ್ಕೆಲ್ಲಾ ಒಂದೇ ಡೋರ್ ನಂಬರ್ ಇದ್ದ ಹಾಗೆ. ಹೊರಗಿಂದ ಬಂದವರಿಗೆ ನಮ್ಮ ಬಾಗಿಲು ಯಾವುದು ಅಂತ ಗೊತ್ತಾಗಲ್ಲ. ನಮ್ಮ ನಮ್ಮ ಯಂತ್ರಗಳ ನಡುವೆ ಒಂದು ಒಳದಾರಿ ಮಾಡಿಕೊಡುವ ಟೇಲ್‌ಸ್ಕೇಲ್ ಅನ್ನೋ ತಂತ್ರಾಂಶವನ್ನು ಎಲ್ಲಾ ಫೋನಿಗೂ ಲ್ಯಾಪ್‌ಟಾಪಿಗೂ ಹಾಕಿದ ಮೇಲೆ ಸರಿಹೋಯಿತು. ಆದರೆ ಆ ಟೇಲ್‌ಸ್ಕೇಲ್ ಕೂಡ ಇನ್ನೊಬ್ಬರ ಕಂಪನಿಯೇ. ಪೂರ್ತಿ ಸ್ವಂತ ಅನ್ನೋದು ಎಲ್ಲಿದೆ ಹೇಳಿ.

ಬಂದ್ ದಿನ ಪ್ರತಿಮೆ ಹತ್ತಿರ ಸಾವಿರಾರು ಜನ ಸೇರಿದರೆ ಮೊಬೈಲ್ ನೆಟ್‌ವರ್ಕ್ ಏದುಸಿರು ಬಿಡುತ್ತೆ. ಆಗ ಗೂಗಲ್ಲೂ ಒಂದೇ, ಮನೆ ಸರ್ವರೂ ಒಂದೇ. ಯಾವುದಕ್ಕೂ ವಿಡಿಯೋ ಹೋಗಲ್ಲ. ಮಾವ ಮನೆಗೆ ಬಂದು ವೈಫೈ ಸಿಕ್ಕ ಮೇಲೇ ಹೋಗೋದು. ಸರ್ಕಾರ ಇಂಟರ್‌ನೆಟ್ಟೇ ನಿಲ್ಲಿಸಿದರೆ? ಅಂಥ ಆದೇಶವನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಂತ ಹೊತ್ತಿನಲ್ಲಿ ಮನೆಯೊಳಗಿನ ವೈಫೈನಲ್ಲಿ ನಮ್ಮ ಲ್ಯಾಪ್‌ಟಾಪ್ ಮಾತ್ರ ನಡೆಯುತ್ತೆ, ಗೂಗಲ್ ನಡೆಯಲ್ಲ. ಇದೊಂದಕ್ಕೋಸ್ಕರ ಸರ್ವರ್ ಇಡಿ ಅಂತ ನಾನು ಯಾರಿಗೂ ಹೇಳಲ್ಲ.

ಯಾರೂ ಹೇಳದೆ ಬಿಡೋದು ಇನ್ನೊಂದಿದೆ: ಸರ್ವರ್ ಕಾಯುವ ಕೆಲಸ. ಇಮ್ಮಿಚ್‌ಗೆ ಸ್ಥಿರ ಆವೃತ್ತಿ ಅಂತ ಬಂದಿದ್ದೇ 2025ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಒಂದು ಸಲ ಸೂಚನೆ ಓದದೆ ಅಪ್‌ಡೇಟ್ ಒತ್ತಿಬಿಟ್ಟೆ. ಎರಡು ದಿನ ಫೋನಿನ ಆ್ಯಪಿಗೂ ಲ್ಯಾಪ್‌ಟಾಪಿಗೂ ಮಾತೇ ಇಲ್ಲ. ಗೂಗಲ್ ನಿಂತರೆ "ಗೂಗಲ್ ಬರ್ತಿಲ್ಲ" ಅಂತಾರೆ. ಇದು ನಿಂತರೆ "ಏನವ್ವಾ, ನಿಂದು ಬರ್ತಿಲ್ವಲ್ಲ" ಅಂತಾರೆ. ರಾತ್ರಿ ಹತ್ತಕ್ಕೆ ಸ್ಟೂಲ್ ಹತ್ತಿ ಸಜ್ಜಾ ನೋಡುವವಳು ನಾನು. ಹಾಗೆ ಏಳುವವರು ನಿಮ್ಮ ಮನೆಯಲ್ಲಿ ಯಾರೂ ಇಲ್ಲದಿದ್ದರೆ 1,300 ರೂಪಾಯಿ ಕಟ್ಟಿ ಆರಾಮಾಗಿರಿ. ಮೈದುನ ಏನಾದರೂ ಅಂದುಕೊಳ್ಳಲಿ. ಪೈ ಮಾತ್ರ, ಆಟ ಆಡಿ ಕಲಿಯೋಕೆ ಸರಿ, ಮನೆಮಂದಿಯ ಫೋಟೋ ನಂಬಿ ಇಡೋಕೆ ಬೇಡ. ನಮ್ಮದು ಈಗ ನಮ್ಮ ವೈಫೈ ಡಬ್ಬಿ ಪಕ್ಕ ಧೂಳು ಹಿಡಿದು ಕೂತಿದೆ.

ನಾವು ಕೊನೆಗೆ ಎರಡೂ ಇಟ್ಟುಕೊಂಡೆವು. ಧರಣಿಯದೆಲ್ಲಾ ಲ್ಯಾಪ್‌ಟಾಪಿನಲ್ಲಿ. ಮದುವೆ ಫೋಟೋ, ಮಕ್ಕಳ ಫೋಟೋ, ಪಹಣಿಯ ಸ್ಕ್ಯಾನು ಗೂಗಲ್‌ನಲ್ಲಿ. ಲ್ಯಾಪ್‌ಟಾಪ್ ಸುಟ್ಟುಹೋದರೆ ಧರಣಿಯ ಗತಿ ಏನು ಅಂತ ಇನ್ನೊಂದು 2 ಟಿಬಿ ಡಿಸ್ಕ್ ತಂದು ಪೂರ್ತಿ ನಕಲು ಮಾಡಿದ್ದೇನೆ. ಒಂದೇ ಸೂರಿನಡಿ ಎರಡೂ ಇದ್ದರೆ ಪ್ರಯೋಜನ ಇಲ್ಲವಲ್ಲ. ಭಾನುವಾರ ಮೈದುನ ಬಂದಾಗ ಅದನ್ನು ಬಟ್ಟೆಯಲ್ಲಿ ಸುತ್ತಿ ಅವನ ಬ್ಯಾಗಿಗೆ ಹಾಕುತ್ತಿದ್ದೆ. ಮಾವ ಜಗುಲಿಯಿಂದ ನೋಡುತ್ತಿದ್ದರು.

"ಅದೆಲ್ಲಿಗವ್ವ?"

ಬೆಂಗಳೂರಿಗೆ ಮಾವ, ಅಲ್ಲೊಂದು ಇರಲಿ ಅಂತ.

"ನೀರೂ ಬೆಂಗ್ಳೂರಿಗೆ, ಇದೂ ಬೆಂಗ್ಳೂರಿಗಾ?" ಅಂದರು. ಆಮೇಲೆ ಮೈದುನನ ಕಡೆ ತಿರುಗಿ, "ಜೋಪಾನ ಕಲಾ" ಅಂದರು.