ಆ್ಯಪ್ ಪರೀಕ್ಷೆಗೆ ಹಣ ಕೊಡುವ ಮೊದಲು ಇದನ್ನು ಓದಿ

18,000 ರೂಪಾಯಿ ಕೊಟ್ಟು ಮೋಸ ಹೋಗಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಬದಿಯಡ್ಕದಲ್ಲಿ ನನ್ನದು ಅಡಿಕೆ ಖರೀದಿಯ ಅಂಗಡಿ. ಪೆರ್ಲ, ನೀರ್ಚಾಲು, ಮುಳ್ಳೇರಿಯದ ಕೃಷಿಕರು ಅಡಿಕೆಯ ಲೆಕ್ಕ, ಬ್ಯಾಂಕ್ ಖಾತೆ ಸಂಖ್ಯೆ ಕಳುಹಿಸಲೆಂದು ಆ್ಯಪ್ ಮಾಡಿಸಿದ್ದೆ. ಆ ಮಾಹಿತಿಯನ್ನು ದಾರಿಯಲ್ಲಿ ಯಾರಾದರೂ ಓದಬಹುದೇ ಎಂದು ಪರೀಕ್ಷಿಸಲು ಕಾಸರಗೋಡು ಪೇಟೆಯ ಒಬ್ಬರು ಒಪ್ಪಿದರು. ಹಣವೆಲ್ಲ ಮುಂಗಡ. ನಲವತ್ತು ಪುಟದ ವರದಿ ಬಂತು. ತುಂಬ ವೈರ್‌ಶಾರ್ಕ್ (ನೆಟ್‌ವರ್ಕಿನಲ್ಲಿ ಹೋಗಿಬರುವ ಮಾಹಿತಿಯನ್ನು ಹಿಡಿದು ತೋರಿಸುವ ತಂತ್ರಾಂಶ) ಚಿತ್ರಗಳು, ಕೊನೆಯಲ್ಲಿ 'ಎಲ್ಲವೂ ಟಿಎಲ್‌ಎಸ್ ಎನ್‌ಕ್ರಿಪ್ಷನ್‌ನಲ್ಲಿದೆ, ದೋಷವಿಲ್ಲ'. ಅಂದರೆ ದಾರಿಯಲ್ಲಿ ಯಾರಿಗೂ ಓದಲಾಗದಂತೆ ಮಾಹಿತಿ ಗೂಢಲಿಪಿಯಲ್ಲಿ ಹೋಗುತ್ತದೆ ಎಂದು. ನಂಬಿದೆ. ಕೃಷಿಕರಿಗೂ ಧೈರ್ಯ ಹೇಳಿದೆ!

ರಜೆಗೆ ಬಂದ ಅಳಿಯ ವರದಿ ನೋಡಿ, "ಮಾವ, ಇದರಲ್ಲಿರುವುದು ಸರ್ವರಿನ ಹೆಸರು, ಸಮಯ, ಎಷ್ಟು ಬೈಟ್ ಹೋಯಿತು ಎಂಬುದಷ್ಟೇ. ಒಳಗೇನಿದೆ ಎಂದು ಅವರು ನೋಡಿಯೇ ಇಲ್ಲ" ಎಂದ. ಗೋಣಿಯ ಹೊಲಿಗೆ ನೋಡಿ ಒಳಗಿರುವುದು ಚಾಲಿಯೋ (ಒಳ್ಳೆಯ ಒಣ ಅಡಿಕೆ) ಕರಿಗೋಟೋ (ಕಳಪೆ ಅಡಿಕೆ) ಎಂದು ತೀರ್ಮಾನಿಸಿದ ಹಾಗೆ.

ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಮಿಟ್ಮ್‌ಪ್ರಾಕ್ಸಿ (ಫೋನ್ ಮತ್ತು ಸರ್ವರಿನ ನಡುವೆ ನಿಂತು ಮಾಹಿತಿಯನ್ನು ಬಿಡಿಸಿ ನೋಡುವ ತಂತ್ರಾಂಶ) ತೆರೆದು, ನನ್ನ ಫೋನಿನ ಮಾಹಿತಿಯೆಲ್ಲ ಅದರ ಮೂಲಕವೇ ಹೋಗುವಂತೆ ವೈಫೈ ಪ್ರಾಕ್ಸಿಯನ್ನು ಜೋಡಿಸಿದ. ಫೋನಿಗೆ ಯಾವ ಪ್ರಮಾಣಪತ್ರವನ್ನೂ (ಸರ್ವರ್ ನಿಜವಾದದ್ದೇ ಎಂದು ತೋರಿಸುವ ಡಿಜಿಟಲ್ ಗುರುತು) ಸೇರಿಸಲಿಲ್ಲ. ಸರಿಯಾದ ಆ್ಯಪ್ ಆಗಿದ್ದರೆ ಗುರುತಿಲ್ಲದ ಪ್ರಮಾಣಪತ್ರ ಕಂಡ ಕೂಡಲೇ ಸಂಪರ್ಕ ಕಡಿಯಬೇಕು. ನಮ್ಮದು ಕಡಿಯಲಿಲ್ಲ. ನಾನು ಆಗಷ್ಟೇ ಒತ್ತಿ ಕಳುಹಿಸಿದ 'ಚಾಲಿ 3 ಗೋಣಿ', ಅದರ ಕೆಳಗೆ ನನ್ನ ಹೆಸರು, ಫೋನ್ ಸಂಖ್ಯೆ, ಖಾತೆ ಸಂಖ್ಯೆ, ಒಂದಕ್ಷರವೂ ಬಿಡದೆ ಅವನ ಪರದೆಯ ಮೇಲೆ! ಎದೆ ಧಸಕ್ಕೆಂದಿತು. ಆ್ಯಪ್ ಬರೆದವರು ಕೆಲಸ ಸುಲಭವಾಗಲೆಂದು ಪ್ರಮಾಣಪತ್ರದ ತಪಾಸಣೆಯನ್ನೇ ನಿಲ್ಲಿಸಿದ್ದರು, ಮತ್ತೆ ಹಾಕಿರಲಿಲ್ಲ. ಹತ್ತು ನಿಮಿಷದಲ್ಲಿ ಹುಡುಗನಿಗೆ ಸಿಕ್ಕಿದ್ದು ಹಣ ಪಡೆದವರಿಗೆ ಸಿಗಲಿಲ್ಲ.

ಫೋನ್ ಮಾಡಿದೆ. "ಎನ್‌ಕ್ರಿಪ್ಷನ್ ಇದೆಯಲ್ಲ, ಇನ್ನೇನು ಬೇಕು?" ಎಂದರು. ಕಂಡದ್ದನ್ನು ವಿವರಿಸಿದೆ. "ನೀವು ಟ್ರಾಫಿಕ್ ನೋಡಲು ಹೇಳಿದಿರಿ, ಬಿಡಿಸಿ ನೋಡಲು ಹೇಳಲಿಲ್ಲ." ಬಿಡಿಸಿ ನೋಡಲು ಹೇಳಲಿಲ್ಲವಂತೆ! ಮತ್ತೆ ಹಣ ಕೊಟ್ಟದ್ದು ಯಾತಕ್ಕೆ? ಅರ್ಧವಾದರೂ ಹಿಂತಿರುಗಿಸಿ ಎಂದದ್ದಕ್ಕೆ "ವರದಿ ಕೊಟ್ಟಾಗಿದೆ" ಎಂಬ ಉತ್ತರ. ಈಗ ಫೋನ್ ಎತ್ತುವುದಿಲ್ಲ.

ಯಾರಾದರೂ ಪರೀಕ್ಷೆ ಮಾಡಿಸುವುದಿದ್ದರೆ, ನಕಲಿ ಪ್ರಮಾಣಪತ್ರ ಕೊಟ್ಟಾಗ ಆ್ಯಪ್ ಏನು ಮಾಡುತ್ತದೆಂದು ನಿಮ್ಮ ಎದುರೇ ತೋರಿಸಲು ಹೇಳಿ. ಅದಕ್ಕೆ ಮೊದಲು ಪೂರ್ತಿ ಹಣ ಕೊಡಬೇಡಿ, ಎಷ್ಟೇ ಪುಟದ ವರದಿ ಕೊಡುತ್ತೇನೆಂದರೂ ಕೊಡಬೇಡಿ.

ಆ್ಯಪ್ ನಿಲ್ಲಿಸಿದ್ದೇನೆ. ನನ್ನ ಮಾತು ನಂಬಿ ಖಾತೆ ಸಂಖ್ಯೆ ಕೊಟ್ಟ ಒಬ್ಬೊಬ್ಬರಿಗೂ ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ. ಇನ್ನೂ ಪೆರ್ಲದವರೇ ಮುಗಿದಿಲ್ಲ.