ನಾಣ್ಯದಂಗಡಿಯ ತಕ್ಕಡಿ ಮತ್ತು ದೀಪ

ಒಹಾಯೊದಲ್ಲಿ ನಾನಿರುವ ಊರಿನ ಹಳೆಯ ಪೇಟೆಯಲ್ಲಿ ಒಂದು ನಾಣ್ಯದಂಗಡಿಯಿದೆ. ಎರಡು ವರ್ಷಗಳಲ್ಲಿ ಅಲ್ಲಿ ಮಾರ್ಗನ್ ಡಾಲರ್ ಎಂಬ ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯಗಳನ್ನು ಹನ್ನೊಂದು ಕೊಂಡು, ಒಂದನ್ನು ಹಿಂದಿರುಗಿಸಿದ್ದೇನೆ. ಬೆಳ್ಳಿಯ ಲೆಕ್ಕಕ್ಕೆ ಅಂಗಡಿ ನಂಬಿಕೆಗೆ ಅರ್ಹವಾದದ್ದು. ನಾಣ್ಯದ ಸ್ಥಿತಿಯನ್ನು ಅಳೆಯುವಲ್ಲಿ ಅಷ್ಟಲ್ಲ.

ಜಾರ್ಜ್ ಟಿ. ಮಾರ್ಗನ್ ವಿನ್ಯಾಸಗೊಳಿಸಿದ ಈ ಡಾಲರ್ 1878ರಿಂದ 1904ರವರೆಗೆ, ಬಳಿಕ 1921ರಲ್ಲಿ ಅಚ್ಚಾಯಿತು. ತೂಕ 26.73 ಗ್ರಾಂ, ಅದರಲ್ಲಿ ಶೇ. 90 ಬೆಳ್ಳಿ, ಉಳಿದದ್ದು ತಾಮ್ರ. ಅಂದರೆ ಸವೆಯದ ನಾಣ್ಯದಲ್ಲಿ ಸುಮಾರು 24 ಗ್ರಾಂ ಅಪ್ಪಟ ಬೆಳ್ಳಿ ಸಿಗುತ್ತದೆ. ಅಂಗಡಿಯವರು ಆ ದಿನದ ಬೆಳ್ಳಿಯ ದರವನ್ನು ಫಲಕದಲ್ಲಿ ಬರೆದಿರುತ್ತಾರೆ, ಸಾಮಾನ್ಯ ವರ್ಷದ ಸವೆದ ನಾಣ್ಯಕ್ಕೆ ಅದರ ಮೇಲೆ ಎಷ್ಟು ಸೇರಿಸುತ್ತಾರೆಂಬುದನ್ನು ಬಾಯಿಬಿಟ್ಟು ಹೇಳುತ್ತಾರೆ, ಕೇಳುವ ಮೊದಲೇ ನಾಣ್ಯವನ್ನು ತಕ್ಕಡಿಗೆ ಹಾಕಿ ತೋರಿಸುತ್ತಾರೆ. 1964 ಮತ್ತು ಅದರ ಹಿಂದಿನ ಬೆಳ್ಳಿಯ ಕ್ವಾರ್ಟರ್ (25 ಸೆಂಟ್), ಡೈಮುಗಳ (10 ಸೆಂಟ್) ವ್ಯಾಪಾರವೂ ಇಷ್ಟೇ ನೇರ.

ಅಚ್ಚಾದ ಸಂಖ್ಯೆಯನ್ನು ಮಾತ್ರ ನೋಡಿ ಬೆಲೆ ಕಟ್ಟಬಾರದೆಂದು ಮಾಲೀಕರು ಮೊದಲ ಭೇಟಿಯಲ್ಲೇ ತಿಳಿಸಿದರು. ಏಕೆಂದರೆ, ಬೆಳ್ಳಿ ಡಾಲರುಗಳನ್ನು ಕರಗಿಸಲು ಅನುಮತಿ ಕೊಟ್ಟ 1918ರ ಅಮೆರಿಕದ ಪಿಟ್‌ಮನ್ ಕಾಯಿದೆಯ ಅಡಿಯಲ್ಲಿ ಸುಮಾರು 27 ಕೋಟಿ ಬೆಳ್ಳಿ ಡಾಲರುಗಳು ಕರಗಿಹೋದವು. ಆ ಬೆಳ್ಳಿಯ ಬಹುಪಾಲನ್ನು ಬ್ರಿಟನ್ ಕೊಂಡು, ರೂಪಾಯಿ ಅಚ್ಚು ಹಾಕಲೆಂದು ಭಾರತಕ್ಕೆ ಕಳುಹಿಸಿತು. ಊರಿನಲ್ಲಿ ನಮ್ಮಜ್ಜಿಯ ಪೆಟ್ಟಿಗೆಯಲ್ಲಿದ್ದ ಐದನೇ ಜಾರ್ಜ್ ದೊರೆಯ ರೂಪಾಯಿಗಳಲ್ಲಿ ಇಂಥ ಡಾಲರಿನ ಬೆಳ್ಳಿಯೂ ಸೇರಿರಬಹುದೇ ಎಂದು ಅಂದು ಮನೆಗೆ ಬರುವವರೆಗೂ ಯೋಚಿಸುತ್ತಿದ್ದೆ. ಅಪರೂಪದ ನಾಣ್ಯಗಳ ವಿಷಯದಲ್ಲಿಯೂ ಅವರು ಜಾಗರೂಕರು: ಕಾರ್ಸನ್ ಸಿಟಿ ಟಂಕಸಾಲೆಯಲ್ಲಿ 3,50,000 ಮಾತ್ರ ಅಚ್ಚಾದ 1889ರ ಡಾಲರನ್ನು, ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ನಾಣ್ಯ ಪರೀಕ್ಷಾ ಸಂಸ್ಥೆಗಳು ಪರೀಕ್ಷಿಸಿ ಪೆಟ್ಟಿಗೆಯಲ್ಲಿ ಮುಚ್ಚಿ ಕೊಟ್ಟಿದ್ದರಷ್ಟೇ ಮಾರುತ್ತಾರೆ. ಹಿಂಬದಿಯಲ್ಲಿ ಹದ್ದಿನ ಕೆಳಗಿನ ಎಲೆಮಾಲೆಯ ಬುಡದಲ್ಲಿರುವ ಆ ಟಂಕಸಾಲೆಯ ‘ಸಿಸಿ’ ಗುರುತನ್ನು ಬೇರೆ ನಾಣ್ಯಕ್ಕೆ ಅಂಟಿಸುವ ವಂಚಕರು ಇರುವುದರಿಂದ ಈ ನಿಯಮ ಸರಿಯಾದದ್ದೇ.

ತೊಡಕಾದದ್ದು 1881ರ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಡಾಲರಿನಲ್ಲಿ. ಚಲಾವಣೆಯಾಗದ ನಾಣ್ಯವೆಂದು ಚೀಟಿ ಅಂಟಿಸಿ, ಅದಕ್ಕೆ ತಕ್ಕ ಬೆಲೆಯನ್ನೇ ಪಡೆದಿದ್ದರು. ಮುಂಬದಿಯ ಲಿಬರ್ಟಿ ದೇವಿಯ ಮುಖದಲ್ಲಿ, ಕಿವಿಯ ಮೇಲಿನ ಕೂದಲಿನಲ್ಲಿ ಸವೆತವೇನೋ ಇರಲಿಲ್ಲ. ಮನೆಯಲ್ಲಿ ಮೇಜಿನ ದೀಪದಡಿ ಓರೆಮಾಡಿದಾಗ ಮಾತ್ರ, ಚಕ್ರದ ಅರಗಳಂತೆ ಸುತ್ತಬೇಕಾದ ಬೆಳಕು ಸುತ್ತಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕೆನ್ನೆಯ ಮುಂದಿನ ಖಾಲಿ ಜಾಗದಲ್ಲಿ ಒಂದೇ ದಿಕ್ಕಿಗೆ ಓಡುವ ಕೂದಲೆಳೆಯಂಥ ಗೀರುಗಳು. ಯಾರೋ ಎಂದೋ ಅದನ್ನು ಉಜ್ಜಿ ಬೆಳಗಿದ್ದರು. ಪೂಜೆಯ ತಂಬಿಗೆಗೆ ಶೋಭೆ ತರುವ ಆ ಕೆಲಸ ನಾಣ್ಯದ ಬೆಲೆಯನ್ನು ಕಳೆಯುತ್ತದೆ.

ಮರಳಿ ಒಯ್ದಾಗ ವಾದ ಮಾಡದೆ ತಪ್ಪನ್ನು ಒಪ್ಪಿಕೊಂಡರು, ಆದರೆ ಹಣ ಕೊಡಲಿಲ್ಲ. ಅಷ್ಟೇ ಮೊತ್ತಕ್ಕೆ ಬೇರೆ ನಾಣ್ಯ ಆರಿಸಿಕೊಳ್ಳಲು ಹೇಳಿದರು. ಅದು ನನಗೆ ಸಮಾಧಾನ ತರಲಿಲ್ಲ. ಅಂಗಡಿಯ ಚಾವಣಿಯಲ್ಲಿರುವುದು ಟ್ಯೂಬ್‌ಲೈಟುಗಳು, ಅವುಗಳ ಹರಡಿದ ಬೆಳಕಿನಲ್ಲಿ ಇಂಥ ಗೀರುಗಳು ಕಣ್ಣಿಗೆ ಬೀಳುವುದಿಲ್ಲ. ಕೌಂಟರಿನ ಒಳಗೆ ಒಂದು ಮೇಜಿನ ದೀಪವಿದೆ. ಕೇಳಿದರೆ ತಂದಿಡುತ್ತಾರೆ, ಕೇಳದಿದ್ದರೆ ಅದು ಅಲ್ಲೇ ಇರುತ್ತದೆ.